ಬೆಳ್ಳಗಾದ ಸೊಸೆ

ಕಾಲುವೆ ನೀರು ಬಂದ ಮೇಲೆ ಮುಕ್ಕುಂದದಲ್ಲಿ ಸಜ್ಜೆ ರೊಟ್ಟಿ ಬಡವರ ಊಟವಾಯಿತು, ಬಿಳಿ ಅನ್ನ ಮರ್ಯಾದೆಯ ಊಟವಾಯಿತು. ಗದ್ದೆಮ್ಮನಂತೂ ಬಸುರಿ ಸೊಸೆ ಗ್ಯಾನಮ್ಮನಿಗೆ ರೊಟ್ಟಿ ಮುಟ್ಟಗೊಡುತ್ತಿರಲಿಲ್ಲ. ಸೊಪ್ಪು ಉಷ್ಣ, ಬೇಡ. ನಾಟಿಗೆ ಹೋದರೆ ಬಿಸಿಲು, ಬೇಡ. ಅನ್ನ, ತಿಳಿಸಾರು, ನೆರಳು. ಅವಳಿಗೆ ಗೊತ್ತಿದ್ದ ಪ್ರೀತಿ ಅದೇ, ಅದರಲ್ಲಿ ಕಪಟವೇನೂ ಇರಲಿಲ್ಲ.

ಲಿಂಗಸುಗೂರು ಕಡೆಯ ಒಣಭೂಮಿಯಿಂದ ಬಂದ ಆ ಕಪ್ಪು ಹುಡುಗಿ ಆರನೇ ತಿಂಗಳಿಗೆ ಬೆಳ್ಳಗಾಗತೊಡಗಿದಳು. ಗದ್ದೆಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಣಿಯ ಹೆಂಗಸರನ್ನು ಕರೆಕರೆದು ತೋರಿಸಿದಳು.

“ನೋಡ್ರೆವ್ವಾ, ನನ್ನ ಸೊಸಿ ಹೆಂಗ ಬೆಳ್ಳಗಾಗ್ಯಾಳ! ಕೂಸೂ ಬೆಳ್ಳಗ ಹುಟ್ಟತೈತಿ.”

ನರ್ಸಮ್ಮ ಮಕ್ತುಂಬೀ ಕೊಟ್ಟುಹೋಗಿದ್ದ ರಕ್ತ ಹೆಚ್ಚಿಸುವ ಗುಳಿಗೆಗಳನ್ನು ಗದ್ದೆಮ್ಮ ತಿಪ್ಪೆಗೆ ಎಸೆದದ್ದೂ ಅದಕ್ಕೇ. ನಾಲ್ಕು ದಿನ ನುಂಗಿದ್ದಕ್ಕೇ ಸೊಸೆಯ ಮಲ ಕಪ್ಪಗಾಗಿತ್ತು. ಒಳಗಿನ ಕೂಸು ಕಪ್ಪಗಾಗಲು ಇನ್ನೇನು ಬೇಕು?

ಒಂದು ಮಧ್ಯಾಹ್ನ ಮಕ್ತುಂಬೀ ಮತ್ತೆ ಬಂದಾಗ, ಗ್ಯಾನಮ್ಮ ಅಂಗಳದಿಂದ ತಂದ ಕೊಡವನ್ನು ಹೊಸ್ತಿಲಲ್ಲೇ ಇಳಿಸಿ, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ನರ್ಸಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

“ಇಲ್ಲಿ ಬಾರವ್ವಾ ಗದ್ದೆಮ್ಮ. ಇದು ಕೆಂಪಗಿರಬೇಕು. ಸುಣ್ಣ ಬಳದಂಗ ಐತಿ ನೋಡು. ನಿನ್ನ ಸೊಸಿ ಬೆಳ್ಳಗಾಗಿಲ್ಲ, ಬಿಳಿಚಿಕೊಂಡಾಳ. ಮೈಯಾಗ ರಕ್ತ ಇಲ್ಲ. ಹಡಿಯೋ ಮುಂದ ಒಂದೀಟು ಹೆಚ್ಚು ಹೋತಂದ್ರ ಜೀವ ಉಳಿಯಂಗಿಲ್ಲ.”

“ಗುಳಿಗಿ ತಿಂದ್ರ ಕೂಸು ಕರ್ರಗ...”

“ಹೇಲು ಕರ್ರಗ ಆಗ್ತೈತಿ, ಕೂಸಲ್ಲ!”

ಗದ್ದೆಮ್ಮ ಸೊಸೆಯ ಕೆಳರೆಪ್ಪೆಯನ್ನು ತಾನೇ ಎಳೆದು ನೋಡಿದಳು. ಅವಳ ಮಗಳು ಯಮನೂರಮ್ಮ ಚೊಚ್ಚಲ ಹೆರಿಗೆಯಲ್ಲಿ ಸತ್ತದ್ದು ಇದೇ ಮನೆಯಲ್ಲಿ. ಅವಳೂ ಹೀಗೇ ಬೆಳ್ಳಗಾಗಿದ್ದಳು. ಆಗಲೂ ಗದ್ದೆಮ್ಮ ಓಣಿಯನ್ನೆಲ್ಲ ಕರೆದು ತೋರಿಸಿದ್ದಳು. ರಕ್ತ ಹರಿದು ಮಗಳು ತಣ್ಣಗಾದಾಗ, ಗಾಳಿ ಸೋಕಿತು ಎಂದರು ಎಲ್ಲರೂ, ಹೆತ್ತವಳೂ ನಂಬಿದಳು. ಇಷ್ಟು ವರ್ಷ ಗಾಳಿಯನ್ನು ಶಪಿಸಿದವಳಿಗೆ ಈಗ ಯಾರನ್ನು ಶಪಿಸಬೇಕೋ ತಿಳಿಯಲಿಲ್ಲ.

ಮರುದಿನದಿಂದ ಮನೆಯಲ್ಲಿ ಪುಂಡಿಪಲ್ಯ, ನುಗ್ಗೆಸೊಪ್ಪು, ಸಜ್ಜೆ ರೊಟ್ಟಿ. ಮಕ್ತುಂಬೀ ಮತ್ತೆ ಕೊಟ್ಟ ಗುಳಿಗೆ ಗಂಟಲಿನಿಂದ ಇಳಿಯುವವರೆಗೂ ಅತ್ತೆ ಎದುರಿನಿಂದ ಕದಲುತ್ತಿರಲಿಲ್ಲ.

“ಅತ್ತೀ, ವಾಕರಿಕಿ ಬರಾಕತ್ತೈತಿ.”

“ಬರ್ಲಿ. ನುಂಗು ನನ್ನವ್ವಾ.”

ಹೆರಿಗೆಗೆ ಸೂಲಗಿತ್ತಿಯನ್ನು ಕರೆಸಲಿಲ್ಲ. ಸಿಂಧನೂರಿನ ದವಾಖಾನೆಗೆ ಕರೆದೊಯ್ದರು. ಅಲ್ಲೂ ರಕ್ತ ಹೋಯಿತು, ಆದರೆ ಗ್ಯಾನಮ್ಮನ ಮೈ ತಡೆದುಕೊಂಡಿತು. ಬಾಗಿಲಾಚೆ ಕೂತಿದ್ದ ಗದ್ದೆಮ್ಮ, ತಾಯಿ ಕೂಸು ಇಬ್ಬರೂ ಉಳಿದರೆಂದು ಕೇಳಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಊರಿಗೆ ಮರಳಿದ ದಿನ ಓಣಿಯ ಹೆಂಗಸರು ಬಂದು ತಾಯಿ ಮಗುವಿನ ಸುತ್ತ ನೆರೆದರು.

“ಯವ್ವಾ, ಕೂಸು ಕರ್ರಗೈತಲ್ಲಬೇ ಗದ್ದೆಮ್ಮ!”

“ಹೌದಬೇ, ಕರ್ರಗೈತಿ,” ಎಂದಳು ಗದ್ದೆಮ್ಮ. “ಆದ್ರ ಅವರವ್ವನ ಮಡಿಲಾಗ ಐತಿ ನೋಡು.”