ಹೊಳ್ಳಿ ನೋಡಬಾರದ ಕಾರು

ಹುನ್ನೂರಿನ ಗಿರಮಲ್ಲಪ್ಪ ಹಳೆಯ ಅಂಬಾಸಿಡರ್ ಕಾರೊಂದನ್ನು ಮನೆಗೆ ತಂದ ಮೇಲೆ ಊರಿಗೆ ಇನ್ನೊಂದು ದೇವರು ಬಂದಂತಾಯಿತು. ಬೆಳಗಾದರೆ ಅದಕ್ಕೆ ಜಳಕ, ಊದಿನಕಡ್ಡಿ, ಹಣೆಗೆ ಬೀರಪ್ಪನ ಭಂಡಾರದ ಅರಿಷಿಣ. ಕುರಿ ಸಾಕಿದ ಮನೆತನ, ಭಕ್ತಿಗೆ ಕೊರತೆಯಿಲ್ಲ. ಮುಂದಿನ ಬಂಪರಿಗೆ ಕರಿ ಉಣ್ಣೆಯ ದಾರ ಕಟ್ಟಿದ್ದ. ಸೀಟುಗಳಿಗೆ ವೈಶಾಖದ ಬಿಸಿಲಿನಲ್ಲಿ ಕಂಬಳಿ ಹೊದಿಸಿದ್ದ. ಐದು ರಾಗದ ಹಾರ್ನು ಹಾಕಿಸಿದ್ದ. ಆ ಹಾರ್ನು ಎಷ್ಟು ಛಲೋ ಇತ್ತೆಂದರೆ, ಕೇಳಿದವರ್ಯಾರಿಗೂ ಇಂಜಿನ್ನಿನ ಸುದ್ದಿ ತೆಗೆಯಬೇಕು ಅನ್ನಿಸುತ್ತಿರಲಿಲ್ಲ.

ತೆಗೆದವಳು ಅವನ ತಾಯಿ ಹಣಮವ್ವ ಒಬ್ಬಳೇ.

"ಎಲ್ಲಾ ಛಲೋ ಆತು. ಗೋಕರ್ಣ ಮುಟ್ಟತೈತೇನೋ ಇದು?"

"ಗೋಕರ್ಣ ಯಾವ ಲೆಕ್ಕ ಬೇ? ಕಾಶಿಗೆ ಹೊಂಟ್ರೂ ನಡೀತೈತಿ."

"ಕಾಶಿ ಸುದ್ದಿ ಬ್ಯಾಡ. ನಾ ನೀರಿಗೆ ಮಾತ ಕೊಟ್ಟೇನಿ."

ಹಣಮವ್ವ ಮಾತು ಕೊಟ್ಟದ್ದು ಸುಳ್ಳಲ್ಲ. ಅವಳ ತವರೂರು ಕೃಷ್ಣೆಯ ದಂಡೆಯ ಮೇಲಿತ್ತು. ಹಿಂದಿನ ಮಳೆಗಾಲದಲ್ಲಿ ಅಣೆಕಟ್ಟಿನ ಹಿನ್ನೀರು ಹೊಲ ದಾಟಿ, ಓಣಿ ದಾಟಿ, ಬೀರಪ್ಪನ ಗುಡಿಯ ಕಟ್ಟೆಯವರೆಗೂ ಬಂತು. ಜನ ದೂರ ನಿಂತು ಅತ್ತರು. ಹಣಮವ್ವ ಮಾತ್ರ ಮೊಣಕಾಲುದ್ದ ನೀರಿಗಿಳಿದು, ಮನೆ ಬಾಗಿಲಿಗೆ ಬಂದ ಬೀಗರೊಡನೆ ಮಾತಾಡಿದಂತೆ ಮಾತಾಡಿದಳು: "ಇಲ್ಲೀ ತನಕ ಬಂದಿ, ದೊಡ್ಡಾಕಿ ನೀನು. ಒಳಗ ಬರಬ್ಯಾಡ. ನೀ ಬರದಿದ್ರ ಬರೂ ಮಳಿಗಾಲದೊಳಗ ನಾನ ನಿನ್ನ ಮನಿಗೆ ಬಂದು ಜಳಕ ಮಾಡಿ ಹೋಗತೇನಿ." ನೀರು ಹೊಸ್ತಿಲು ದಾಟಲಿಲ್ಲ. ಅದು ದೇವರ ಕೃಪೆಯೋ ಅಣೆಕಟ್ಟಿನ ಬಾಗಿಲು ತೆರೆದವರ ಕೃಪೆಯೋ, ಹಣಮವ್ವನಿಗೆ ಎರಡೂ ಒಂದೇ. ನೀರಿನ ಮನೆ ಎಂದರೆ ಸಮುದ್ರ. ನಮ್ಮ ಕೃಷ್ಣೆ ಸೇರುವುದು ಮೂಡಣ ಸಮುದ್ರಕ್ಕೆ, ಗೋಕರ್ಣ ಇರುವುದು ಪಡುವಣಕ್ಕೆ ಎಂದು ತಿಳಿದವರು ಹೇಳಿದಾಗ ಅವಳು ನಕ್ಕಿದ್ದಳು. "ಮನಿ ಅಂದ ಮ್ಯಾಲ ಮುಂದಿನ ಬಾಗಿಲು ಹಿತ್ತಲ ಬಾಗಿಲು ಎರಡೂ ಇರ್ತಾವ."

ಈಗ ವೈಶಾಖ ಮುಗಿಯುತ್ತ ಬಂದಿತ್ತು. ಮಳೆ ಬರುವುದರೊಳಗೆ ಹೋಗದಿದ್ದರೆ ನೀರು ತಾನೇ ಕೇಳಲು ಬರುತ್ತದೆ, ಈ ಸಲ ಗುಡಿಯ ಒಳಗೇ ಬರುತ್ತದೆ ಎಂಬುದು ಅವಳ ಭಯ. ಬಸ್ಸಿಗೆ ಹೋಗುತ್ತೇನೆ ಎಂದಾಗಲೆಲ್ಲ ಮಗ ಸಿಟ್ಟಾಗುತ್ತಿದ್ದ. "ಮನ್ಯಾಗ ಕಾರ ಇಟಗೊಂಡು ಬಸ್ಸಿಗೆ ಹೋದ್ರ ಮಂದಿ ನನ್ನ ಮಾರಿಗೆ ಏನಂತಾರ?"

ಆದರೆ ಈಗ ಕಾರು ಮನೆಯಲ್ಲೂ ಇರಲಿಲ್ಲ. ಜಮಖಂಡಿಯಲ್ಲಿ ಮಲಕಾಜಪ್ಪ ಮಿಸ್ತ್ರಿಯ ಗ್ಯಾರೇಜಿನಲ್ಲಿತ್ತು. ಮಲಕಾಜಪ್ಪ ಬಾನೆಟ್ ತೆಗೆದು ನೋಡಿ, ಮೊದಲು ಇಂಜಿನ್ನಿನ ಮೇಲಿದ್ದ ಭಂಡಾರವನ್ನು ಗುಡಿಸಿ ಒಂದು ಡಬ್ಬಿಗೆ ತುಂಬಿದ. ಆಮೇಲೆ ರೇಡಿಯೇಟರ್ ಬಿಚ್ಚಿ ಮೇಜಿನ ಮೇಲೆ ಇಟ್ಟ. "ಇದು ಸೋರತೈತ್ರಿ. ಬ್ರೇಕೂ ನೋಡಬೇಕು. ಇಂಜಿನ್ ನೋಡಬೇಕು. ಅವಸರ ಮಾಡಬ್ಯಾಡ್ರಿ."

ಆದರೆ ಪಂಚಾಂಗ ನೋಡುವ ಹಿರಿಯ ಶಿವಯೋಗೆಪ್ಪ ಹೊರಡಲು ಸೋಮವಾರ ತೆಗೆದುಕೊಟ್ಟಿದ್ದ. ಅದು ತಪ್ಪಿದರೆ ಮಳೆ ಹಿಡಿಯುವ ತನಕ ತೆಂಕಣ ದಿಕ್ಕಿಗೆ ಒಳ್ಳೆಯ ಗಳಿಗೆ ಇಲ್ಲ. ಅದಕ್ಕೂ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಮುಹೂರ್ತಕ್ಕೆ ಹೊರಡಲು ಆಗದಿದ್ದರೆ ಒಂದು ಸೀರೆ, ಹಿಡಿ ಅಕ್ಕಿ, ಅರಿಷಿಣದ ಕೊಂಬು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಡುವುದು. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಗಂಟು ಇಟ್ಟರೆ ಹೊರಟ ಲೆಕ್ಕ. ಅಮಾವಾಸ್ಯೆಯೊಳಗೆ ಅಲ್ಲಿಂದ ಮುಂದೆ ಹೋಗಬೇಕು, ಯಾತ್ರೆ ಮುಗಿಯದೆ ಗಂಟನ್ನು ಮಾತ್ರ ಮನೆಗೆ ಹೊಳ್ಳಿ ತರಬಾರದು.

ಹಣಮವ್ವ ಗಂಟು ಕಟ್ಟಿದಳು. ಮುಧೋಳ ರಸ್ತೆಯ ಬದಿಗೆ ತೋಟದಲ್ಲಿ ಮನೆ ಮಾಡಿಕೊಂಡಿದ್ದ ಅವಳ ತಂಗಿಯ ಮಗಳು ಮಾದೇವಿಯ ಮನೆಯಲ್ಲಿ ಇಡುವುದೆಂದು ಆಯಿತು. ಇಲ್ಲಿಗೆ ಮುಗಿಯಬೇಕಿತ್ತು. ಗಿರಮಲ್ಲಪ್ಪನಿಗೆ ಹೊಸ ವಿಚಾರ ಹೊಳೆಯಿತು.

"ಶಿವಯೋಗೆಪ್ಪನವರ, ನಡಿಯೂದು ಕಾರು. ನಾವು ಸುಮ್ಮ ಕೂಡವರು. ಪಸ್ತಾನ ಕಾರಿಂದೂ ಇಡಬೇಕಲ್ಲರಿ?"

ಶಿವಯೋಗೆಪ್ಪ ಎಲೆ ಅಡಿಕೆ ಅಗಿಯುತ್ತ ಅವನ ಮುಖ ನೋಡಿದ. "ಗಂಟ ಸಾಕೋ ತಮ್ಮಾ. ಕಾರಿಗೆ ಸೀರಿ ಇಲ್ಲ, ಅಕ್ಕಿ ಉಣ್ಣಂಗಿಲ್ಲ."

"ಕಾರನ್ನ ಇಟ್ರ?"

"ಇಟ್ರ ಅದೂ ಹೊಂಟಂಗ. ಹೊಳ್ಳಿ ತರಾಕ ಬರಂಗಿಲ್ಲ ನೋಡು. ನಾ ಹೇಳೇನಿ."

ಸೋಮವಾರ ಗಿರಮಲ್ಲಪ್ಪ ಡೊಳ್ಳಿನವರನ್ನೂ ಒಬ್ಬ ಡ್ರೈವರನನ್ನೂ ಕೂಡಿಸಿಕೊಂಡು ಟ್ರ್ಯಾಕ್ಟರಿನಲ್ಲಿ ಜಮಖಂಡಿಗೆ ಹೋದ. ಮಲಕಾಜಪ್ಪ ಚಹಾಕ್ಕೆಂದು ಹೋಗಿದ್ದ ಹೊತ್ತಿನಲ್ಲೇ ಕಾರಿಗೆ ಹಗ್ಗ ಬಿಗಿದು ಹೊರಟ. ಮುಂದೆ ಡೊಳ್ಳು, ಅದರ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಹಳದಿ ಭಂಡಾರದಲ್ಲಿ ಮಿಂದ ಕಾರು. ಸ್ಟೇರಿಂಗ್ ಹಿಡಿದು ಕುಳಿತ ಗಿರಮಲ್ಲಪ್ಪ ಐದೂ ರಾಗ ನುಡಿಸುತ್ತ ಹುನ್ನೂರು ದಾಟಿ, ಮಾದೇವಿಯ ಅಂಗಳದಲ್ಲಿ ತೆಂಕಣಕ್ಕೆ ಮುಖ ಮಾಡಿ ನಿಲ್ಲಿಸಿದ. ಹೆಣ್ಣುಮಕ್ಕಳು ಆರತಿ ಎತ್ತಿದರು.

ಆರತಿ ಮುಗಿಯುವಷ್ಟರಲ್ಲಿ ಮಲಕಾಜಪ್ಪ ಲೂನಾ ಮೇಲೆ ಬಂದಿಳಿದ.

"ರೇಡಿಯೇಟರ್ ನನ್ನ ಮೇಜಿನ ಮ್ಯಾಲ ಐತಿ, ಕಾರು ಯಾತ್ರಿಗೆ ಬಂದೈತಿ! ಹೊಟ್ಟಿ ಬಿಟ್ಟು ಊರಿಗೆ ಹೊಂಟಿದ್ದು ಇದ ಮೊದಲು ನೋಡಿದೆ. ಗ್ಯಾರೇಜಿಗೆ ಹೊಳ್ಳಿ ತರ್ರಿ."

"ಹೊಳ್ಳಿಸಾಕ ಬರಂಗಿಲ್ಲ ಮಿಸ್ತ್ರಿ. ಪಸ್ತಾನ ಇಟ್ಟೇವಿ."

"ನನ್ನ ಗ್ಯಾರೇಜಿಗೆ ಕಾಲಿಲ್ಲಲ್ಲರಿ!"

ಕಾಲಿಲ್ಲದ ಗ್ಯಾರೇಜು ಕೊನೆಗೆ ಚೀಲದಲ್ಲಿ ತುಂಬಿಕೊಂಡು ಬಂತು. ಮಲಕಾಜಪ್ಪ ಅಂಗಳದಲ್ಲೇ ರೇಡಿಯೇಟರ್ ಕೂಡಿಸಿದ. ಕೂಡಿಸಿದ ಮೇಲೆ ಓಡಿಸಿ ನೋಡಬೇಕಲ್ಲ.

"ನೋಡು. ಆದ್ರ ಮುಂದ ಅಷ್ಟ ಹೋಗು," ಎಂದ ಗಿರಮಲ್ಲಪ್ಪ.

"ಮುಂದ ಹೋಗಿ?"

"ಅಲ್ಲೇ ನಿಲ್ಲು."

ಹೀಗೆ ಆ ಕಾರಿನ ಯಾತ್ರೆ ಶುರುವಾಯಿತು. ಮೊದಲ ಸಲ ಕಾಲುವೆಯ ಸೇತುವೆ ಮುಟ್ಟಿ, ಉಗಿ ಬಿಟ್ಟು ನಿಂತಿತು. ಮಲಕಾಜಪ್ಪ ಚೀಲ ಹೊತ್ತು ಅಲ್ಲಿಗೆ ಹೋದ. ಎರಡನೆಯ ಸಲ ಸೇತುವೆಯ ಮೇಲೆ ಎದುರಿಗೆ ಮೇವು ತುಂಬಿದ ಟ್ರ್ಯಾಕ್ಟರ್ ಬಂತು. ಇಬ್ಬರಿಗೂ ಹಾದಿ ಸಾಲದು.

"ಏ, ಒಂದ ಚೂರು ಹಿಂದಕ ತಗೀರಿ," ಎಂದು ಟ್ರ್ಯಾಕ್ಟರಿನವ ಕೂಗಿದ.

"ಹಿಂದಿನ ಗೇರ ಹಾಕಾಕ ಬರಂಗಿಲ್ಲೋ, ದೇವರ ಕಾರು!"

"ದೇವರಿಗೆ ಹಿಂದಿನ ಗೇರ ಇಲ್ಲೇನ್ರಿ?"

"ಇದ್ರೂ ಹಾಕಂಗಿಲ್ಲ!"

ಟ್ರ್ಯಾಕ್ಟರಿನವ ಒಂದಿಷ್ಟು ಬೈದು, ಮೇವಿನ ಸಮೇತ ಹಿಂದಕ್ಕೆ ಸರಿದ. ಗಿರಮಲ್ಲಪ್ಪ ಗೆದ್ದವನಂತೆ ಸೇತುವೆ ದಾಟಿ, ಬೇವಿನ ಮರದ ನೆರಳು ಸೇರುವಷ್ಟರಲ್ಲಿ ಬ್ರೇಕು ಕೈಕೊಟ್ಟು ಬದುವಿಗೆ ತಾಗಿ ನಿಂತ. ಮತ್ತೆ ಚೀಲ ಬಂತು. ಹೋಗಿ ಬರುವವರು ಇದೇನೋ ಹೊಸ ದೇವಸ್ಥಾನವೆಂದು ಬಂಪರಿನ ಮುಂದೆ ಕಾಯಿ ಒಡೆದರು. ಗಿರಮಲ್ಲಪ್ಪ ಬೇಡ ಎನ್ನಲಿಲ್ಲ.

ಇತ್ತ ಸೋಮವಾರವೇ ಗಂಟಿನೊಡನೆ ಬಂದಿದ್ದ ಹಣಮವ್ವ ಮಾದೇವಿಯ ಪಡಸಾಲೆಯಲ್ಲಿ ಕುಳಿತೇ ಇದ್ದಳು. ಗಂಟು ಹೊರಬಿದ್ದ ಮೇಲೆ ಅವಳೂ ಹೊರಟವಳೇ, ಮನೆಗೆ ಹೋಗುವಂತಿಲ್ಲ. ಪಡುವಣದಲ್ಲಿ ದಿನವೂ ಮೋಡ ಕಟ್ಟಿ ಕರಗುತ್ತಿತ್ತು. ಅದನ್ನು ನೋಡಿದಾಗೊಮ್ಮೆ ಅವಳು ಗಂಟಿನ ಮೇಲೆ ಕೈಯಿಡುತ್ತಿದ್ದಳು. ಅಮಾವಾಸ್ಯೆ ನಾಳೆ ಎನ್ನುವಾಗ, ಲೂನಾ ಮೇಲೆ ಹೊರಟ ಮಲಕಾಜಪ್ಪನನ್ನು ತಡೆದಳು.

"ಮಿಸ್ತ್ರಿ, ಖರೆ ಹೇಳು. ಮುಟ್ಟತೈತೇನು?"

ಮಲಕಾಜಪ್ಪ ಕೈ ಒರೆಸಿಕೊಂಡ. "ಯವ್ವಾ, ನಿಮ್ಮ ಮಗನ ಭಕ್ತಿ ಇನ್ನೂ ಇಂಜಿನ್ನಿಗೆ ಇಳಿದಿಲ್ಲರಿ. ಒಮ್ಮಿ ಗ್ಯಾರೇಜಿಗೆ ಹೊಳ್ಳಿ ತಂದಿದ್ರ ಇಷ್ಟೊತ್ತಿಗೆ ನೀವು ಸಮುದ್ರ ನೋಡಿ ಬರತಿದ್ರಿ. ಹಿಂಗ ಮುಂದ ಮುಂದ ಹೋಗಕೋತ ರಿಪೇರಿ ಮಾಡಿದ್ರ ದೀವಳಿಗಿಗೆ ಮುಧೋಳ ಕಾಣತೈತಿ."

ಹಣಮವ್ವ ಮಾದೇವಿಯನ್ನು ಕಳಿಸಿ ಶಿವಯೋಗೆಪ್ಪನನ್ನು ಕರೆಸಿದಳು. "ಯಣ್ಣಾ, ನನ್ನ ಗಂಟು ಬ್ಯಾರೆ, ಕಾರಿನ ಪಸ್ತಾನ ಬ್ಯಾರೆ ಹೌದಲ್ಲೋ?"

"ಬ್ಯಾರೆನ."

"ನನ್ನ ಗಂಟು ಬಸ್ಸ ಹತ್ತಿದ್ರ ದೋಷ ಐತೇನು?"

"ದೋಷ ಎಲ್ಲೀದು? ಶಾಸ್ತ್ರ ಬರದವ್ರ ಕಾಲಕ್ಕ ಕಾರೂ ಇರಲಿಲ್ಲ, ಬಸ್ಸೂ ಇರಲಿಲ್ಲ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ," ಎಂದ ಶಿವಯೋಗೆಪ್ಪ. ಕೇಳಿದ್ದನ್ನಷ್ಟೇ ಹೇಳಬೇಕೆಂಬುದು ಅವನ ವ್ರತ. ಅದರಿಂದ ಅವನ ಹಿರಿತನ ಎಂದೂ ಮುಕ್ಕಾಗಿರಲಿಲ್ಲ.

ಮಾದೇವಿ ಜೊತೆಯಾದಳು. ಇಬ್ಬರೂ ಗಂಟು ಹಿಡಿದು ಹುಬ್ಬಳ್ಳಿ ಬಸ್ಸಿಗೆ ಕೈ ಮಾಡಿ ಹತ್ತಿದರು. ಬೇವಿನ ಮರ ಬಂದಾಗ ಬಸ್ಸು, ರಸ್ತೆಗೆ ಅಡ್ಡ ನಿಂತ ಭಕ್ತರಿಗಾಗಿ ನಿಧಾನವಾಯಿತು. ಗಿರಮಲ್ಲಪ್ಪ ಕಾರಿನ ಕೆಳಗಿನಿಂದ ತಲೆ ಹೊರಹಾಕಿ, ಕಿಟಕಿಯಲ್ಲಿ ತಾಯಿಯ ಮುಖ ಕಂಡು ಎದ್ದು ನಿಂತ.

"ಯವ್ವಾ! ಏನಿದು? ಇಳಿ! ಮಂದಿ ನೋಡಾಕತ್ತಾರ!"

"ನೋಡಲಿ. ನಾಳಿ ಅಮಾಸಿ. ನಾ ಮುಂದ ಹೋಗಿರ್ತೇನಿ."

"ನಾ ಹಿಂದಿಂದ ಬಂದ ಬಿಡ್ತೇನಿ ಬೇ!" ಎಂದು ಅವನು ಕೂಗುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಮರುದಿನ ಗೋಕರ್ಣದಲ್ಲಿ, ಮಹಾಬಲೇಶ್ವರನಿಗೆ ಕೈಮುಗಿಯುವ ಮೊದಲೇ ಹಣಮವ್ವ ಸಮುದ್ರಕ್ಕಿಳಿದಳು. ತವರಿನ ಗುಡಿಯ ಮುಂದೆ ಇಳಿದಿದ್ದಳಲ್ಲ, ಅಷ್ಟೇ ನೀರಿಗೆ. ಅಲೆ ಬಂದು ಮೊಣಕಾಲು ಮುಟ್ಟಿತು. ಅಳಬೇಕೆನ್ನಿಸಿದರೂ ಅಳಲಿಲ್ಲ, ಬೀಗರ ಮನೆಯಲ್ಲಿ ಅಳಬಾರದು. "ಬಂದೇನವ್ವಾ," ಎಂದಳು. "ಮನಿ ದೊಡ್ಡದೈತಿ. ಇಲ್ಲೇ ಇರು. ಅಲ್ಲಿ ನಮ್ಮ ಬೀರಪ್ಪನ ಗುಡಿ ಸಣ್ಣದು, ನಿನಗ ಸಾಲಂಗಿಲ್ಲ." ಮುಳುಗಿ ಎದ್ದಳು. ಎದೆಯ ಮೇಲಿನ ಭಾರ ಇಳಿದದ್ದು ನೀರಿಗೂ ಗೊತ್ತಾಗಿರಬೇಕು.

ಹೊಳ್ಳಿ ಬರುವಾಗ ಅವರಿಬ್ಬರೂ ಬೇವಿನ ಮರದ ಹತ್ತಿರವೇ ಬಸ್ಸಿಳಿದರು. ಕಾರು ಅಲ್ಲೇ ಇತ್ತು. ಅಮಾವಾಸ್ಯೆ ದಾಟಿತ್ತು. ಮುಂದಕ್ಕೆ ಹೋದರೆ ಗಳಿಗೆ ಇಲ್ಲ, ಹಿಂದಕ್ಕೆ ಹೋದರೆ ಮಾನ ಇಲ್ಲ. ಮಲಕಾಜಪ್ಪ ಬರುವುದನ್ನು ಬಿಟ್ಟಿದ್ದ. ಗಿರಮಲ್ಲಪ್ಪ ಕಂಬಳಿಯ ಸೀಟಿನಲ್ಲಿ ಬೆವರುತ್ತ ಕುಳಿತಿದ್ದ, ಗಡ್ಡ ಬೆಳೆದಿತ್ತು.

ಹಣಮವ್ವ ಪ್ರಸಾದ ಕೊಟ್ಟಳು. ಅವನು ಕಣ್ಣಿಗೊತ್ತಿಕೊಂಡು ತಿಂದ.

"ಸಮುದ್ರ ಹ್ಯಾಂಗಿತ್ತ ಬೇ?"

"ಮುಂದ ಬರತೈತಿ, ಹೊಳ್ಳಿ ಹೋಗತೈತಿ. ಮತ್ತ ಬರತೈತಿ, ಮತ್ತ ಹೊಳ್ಳಿ ಹೋಗತೈತಿ." ಅವಳು ಸೆರಗಿನಿಂದ ಮಗನ ಕುತ್ತಿಗೆಯ ಬೆವರು ಒರೆಸಿದಳು. "ಅಷ್ಟ ದೊಡ್ಡದು, ಹೊಳ್ಳಿ ಹೋಗಾಕ ನಾಚಗೊಳ್ಳಂಗಿಲ್ಲ."

ಗಿರಮಲ್ಲಪ್ಪ ಎದ್ದು ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡ. ಆಮೇಲೆ ಕಾರಿನೊಳಗೆ ಕೈಹಾಕಿ ಸ್ಟೇರಿಂಗನ್ನು ಜಮಖಂಡಿಯ ಕಡೆಗೆ ತಿರುಗಿಸಿ, ಬಾಗಿಲಿಗೆ ಹೆಗಲು ಕೊಟ್ಟು, ಒಬ್ಬನೇ ನೂಕಲು ಶುರುಮಾಡಿದ. ಕಾರು ಅಲುಗಲಿಲ್ಲ. ಹಣಮವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು.

"ಮಾದೇವಿ, ನೀ ಆ ಕಡೆ ಹಿಡಿ."