ಎರಡು ಗ್ಯಾಲಕ್ಸಿಗಳ ಮದುವೆ

“ವಿಲೀನ ಅಂದ್ರೆ ಬ್ಯಾಂಕು ಮುಳುಗ್ತಿದೆ ಅಂದ ಹಾಗಿರತ್ತೆ ಕಣೇ. ಅದಕ್ಕೆ ಯಾರು ಬರ್ತಾರೆ?” ಎಂದು ಬೋರ್ಡು ಬರೆಯುವ ಚಿಕ್ಕಮ್ಮ ಕುಂಚವನ್ನು ಬಟ್ಟೆಗೆ ಒರೆಸುತ್ತ ಕೇಳಿದಳು.

ಚುಕ್ಕಿಗೆ ಉರಿದುಹೋಯಿತು. ಚಿಕ್ಕಂದಿನಲ್ಲಿ ಚಿಕ್ಕಮ್ಮನ ಬೋರ್ಡುಗಳ ಮೇಲೆಲ್ಲ ಬಿಳಿ ಬಣ್ಣದ ಹನಿ ಸಿಡಿಸಿ ಬೈಸಿಕೊಂಡದ್ದಕ್ಕೆ ಅಂಟಿದ ಹೆಸರು ಚುಕ್ಕಿ. ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ತಿಂಗಳಿಗೊಂದು ಶನಿವಾರ ಲೈಬ್ರರಿಯ ಹಾಲ್‌ನಲ್ಲಿ ಆಕಾಶದ ಬಗ್ಗೆ ಮಾತಾಡುವುದೆಂದರೆ ಅವಳಿಗೆ ಪ್ರಾಣ. ಆದರೆ ಕಳೆದ ಸಲ ಬಂದವರು ಬೆರಳೆಣಿಕೆಯಷ್ಟು ಜನ, ಅವರಲ್ಲೂ ಒಬ್ಬ ಫ್ಯಾನಿನ ಗಾಳಿಗೆ ಬಂದವನು. ಈ ಸಲವೂ ಹಾಲ್ ತುಂಬದಿದ್ದರೆ ಶನಿವಾರವನ್ನು ಬೊಜ್ಜು ಕರಗಿಸುವ ಕ್ಲಾಸಿನವರಿಗೆ ಕೊಟ್ಟುಬಿಡುವುದಾಗಿ ಲೈಬ್ರರಿಯನ್ ಖಡಾಖಂಡಿತವಾಗಿ ಹೇಳಿದ್ದರು.

“‘ಗ್ಯಾಲಕ್ಸಿಗಳ ವಿಲೀನ’ ಅಂತಲೇ ಬರೀ ಚಿಕ್ಕಮ್ಮ. ಸರಿಯಾದ ಪದ ಅದೇ.”

“ಸರಿಯಾದ ಪದ ಹಿಡ್ಕೊಂಡು ಖಾಲಿ ಕುರ್ಚಿಗಳಿಗೆ ಪಾಠ ಮಾಡು. ಅಲ್ವೇ, ಎರಡು ಸೇರಿ ಒಂದಾಗತ್ತೆ ಅಂದ್ಯಲ್ಲ, ಆಮೇಲೇನಾಗತ್ತೆ?”

“ಹೊಸ ನಕ್ಷತ್ರಗಳು ಹುಟ್ತವೆ.”

“ಇದಕ್ಕೆ ಜನ ಬೇರೆ ಹೆಸರು ಇಟ್ಟಿದಾರೆ ಬಿಡು,” ಎಂದು ಚಿಕ್ಕಮ್ಮ ತನ್ನಷ್ಟಕ್ಕೆ ನಕ್ಕಳು.

ಕ್ಲಾಸಿಗೆ ಹೊತ್ತಾಗಿತ್ತು. ಚುಕ್ಕಿ ಓಡಿದಳು. ಬೋರ್ಡನ್ನು ಅವಳು ನೋಡಿದ್ದು ಶನಿವಾರ ಸಂಜೆಯೇ, ಲೈಬ್ರರಿಯ ಬಾಗಿಲಲ್ಲಿ. ‘ಎರಡು ಗ್ಯಾಲಕ್ಸಿಗಳ ಮದುವೆ. ಎಲ್ಲರೂ ಬನ್ನಿ.’ ಸುತ್ತಲೂ ಹೂಬಳ್ಳಿ ಬೇರೆ.

ಒಳಗೆ ಕಾಲಿಟ್ಟರೆ ಹಾಲ್ ಗಿಜಿಗುಡುತ್ತಿದೆ. ಎಲ್ಲರೂ ಪೆಟ್ಟಿಗೆಯಿಂದ ತೆಗೆದ ಬಟ್ಟೆ ತೊಟ್ಟಿದ್ದಾರೆ, ಸೆಂಟು ಹಾಕಿದ್ದಾರೆ. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಉಡುಗೊರೆಗಳ ಗುಡ್ಡೆ.

“ಟೈಲರಮ್ಮನಿಗೂ ಸೈಕಲ್ಲಣ್ಣನಿಗೂ ಕೊನೆಗೂ ಕೂಡಿಬಂತಲ್ಲ, ಸಂತೋಷ ತಾಯಿ,” ಎಂದು ಹಾಲಿನಂಗಡಿಯ ಅಜ್ಜ ಚುಕ್ಕಿಯ ಕೈ ಹಿಡಿದುಕೊಂಡ.

ಆಗ ಅವಳಿಗೆ ಹೊಳೆಯಿತು. ಲೈಬ್ರರಿಯ ಬೀದಿಯಲ್ಲಿ ಈ ಬದಿಗೆ ‘ಗ್ಯಾಲಕ್ಸಿ ಟೈಲರ್ಸ್’, ಆ ಬದಿಗೆ ‘ಗ್ಯಾಲಕ್ಸಿ ಸೈಕಲ್ಸ್’. ಹೆಸರು ಮೊದಲು ಯಾರದೆಂಬ ಜಗಳಕ್ಕೆ ಟೈಲರಮ್ಮನೂ ಸೈಕಲ್ಲಣ್ಣನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಎರಡೂ ಬೋರ್ಡು ಬರೆದದ್ದು ಚಿಕ್ಕಮ್ಮನೇ, ಒಂದಕ್ಕೆ ಕತ್ತರಿಸಿದ ಅಕ್ಷರದ ಅಚ್ಚನ್ನೇ ಇನ್ನೊಂದಕ್ಕೂ ಇಟ್ಟು. ಇವತ್ತಿನ ಬೋರ್ಡಿಗೂ ಅದೇ ಅಚ್ಚು. ಬೀದಿಯ ಜನಕ್ಕೆ ಇನ್ನೇನು ತಿಳಿಯಬೇಕು?

“ಚಿಕ್ಕಮ್ಮ, ಏನು ಮಾಡಿಟ್ಟೆ ನೀನು?” ಎಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಮ್ಮನ ಬಳಿ ಹೋಗಿ ಕೇಳಿದಳು.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೂ ಹೇಳಿಲ್ಲ. ಹಾಲ್ ತುಂಬಿದೆಯೋ ಇಲ್ವೋ?”

ತುಂಬಿತ್ತು. ಮುಂದಿನ ಸಾಲಿನಲ್ಲಿ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಕೆಂಡವಾಗಿ ಕೂತಿದ್ದಳು. ಹಿಂದಿನ ಗೋಡೆಗೆ ಒರಗಿ, ಕೈಗೆ ಗ್ರೀಸು ಮೆತ್ತಿಕೊಂಡು ಸೈಕಲ್ಲಣ್ಣ ನಿಂತಿದ್ದ. “ಯಾರ ಮದುವೆ ಅಂತ ನೋಡೋಕೆ ಬಂದೆ. ನಂದೇ ಅಂತಿದಾರೆ,” ಎಂದು ಪಕ್ಕದವನಿಗೆ ಹೇಳುತ್ತಿದ್ದ.

ನಿಜ ಹೇಳಿದರೆ ಜನ ಎದ್ದು ಹೋಗುತ್ತಾರೆ, ಶನಿವಾರವೂ ಅವರ ಹಿಂದೆಯೇ ಹೋಗುತ್ತದೆ. ಹೇಳದಿದ್ದರೆ ಟೈಲರಮ್ಮ ಟೇಪಿನಿಂದಲೇ ಬಾರಿಸುತ್ತಾಳೆ. ಚುಕ್ಕಿ ಮೈಕು ಹಿಡಿದಳು.

“ಮದುವೆ ಇರೋದು ನಿಜ. ಆದರೆ ಹೆಣ್ಣು ಗಂಡು ಇಲ್ಲಿಲ್ಲ, ಮೇಲಿದಾರೆ,” ಎಂದು ಚಾವಣಿಯ ಕಡೆ ಕೈ ತೋರಿಸಿದಳು. “ಬಂದದ್ದು ಬಂದಿದೀರಿ, ಅವರ ಕಥೆ ಕೇಳ್ಕೊಂಡು ಹೋಗಿ.”

ಒಂದಿಬ್ಬರು ಗೊಣಗಿದರು. ಹಾಲಿನಂಗಡಿಯ ಅಜ್ಜ, “ಕೂತ್ಕೊಳ್ರಪ್ಪ, ಮದುವೆಗೆ ಬಂದವರು ಹಾಗೇ ಎದ್ದು ಹೋಗ್ತಾರಾ?” ಎಂದು ಗದರಿದ. ಕುರ್ಚಿಗಳು ಕಿರುಗುಟ್ಟಿ ಸುಮ್ಮನಾದವು.

“ಮೊದಲು ಗ್ಯಾಲಕ್ಸಿ ಅನ್ನೋದೇ ಇರಲಿಲ್ಲ. ಎಲ್ಲಾ ಕಡೆ ತೆಳ್ಳಗೆ ಹರಡಿದ ಅನಿಲ. ಅದರ ಜೊತೆಗೆ ಕಣ್ಣಿಗೆ ಕಾಣದ ಒಂದು ದ್ರವ್ಯ. ಅದು ಬೆಳಗೋದಿಲ್ಲ, ಆದರೆ ತೂಕ ಅದರದ್ದೇ ಹೆಚ್ಚು. ಅದು ಅಲ್ಲಲ್ಲಿ ಗುಂಪುಗೂಡ್ತು. ಆ ಸೆಳೆತಕ್ಕೆ ಅನಿಲ ಬಂದು ಸೇರ್ತು, ಒತ್ತಾಯ್ತು, ನಕ್ಷತ್ರಗಳು ಹೊತ್ತಿ ಉರಿದವು.”

“ಕಾಣದೇ ಇರೋದನ್ನ ಹೆಂಗಮ್ಮ ನಂಬೋದು?” ಎಂದಿತು ಒಂದು ದನಿ.

“ಮದುವೆಯಲ್ಲಿ ಅಡುಗೆಯವರು ಫೋಟೋದಲ್ಲಿ ಬರ್ತಾರಾ?” ಎಂದಳು ಚಿಕ್ಕಮ್ಮ ಕೂತಲ್ಲಿಂದಲೇ. “ಊಟ ಬಂತು ಅಂದ್ರೆ ಅವರು ಇದಾರೆ ಅಂತ.”

ಹಾಲ್ ಗೊಳ್ಳೆಂದಿತು. ಇಷ್ಟು ವರ್ಷ ಪಾಠ ಮಾಡಿದರೂ ತನಗಿದು ಹೊಳೆದಿರಲಿಲ್ಲವಲ್ಲ ಎಂದು ಚುಕ್ಕಿಯೂ ನಕ್ಕಳು. ಅಲ್ಲಿಂದ ಮಾತು ತಾನೇ ಹರಿಯಿತು. ಸಣ್ಣ ಗ್ಯಾಲಕ್ಸಿಗಳು ಸೇರಿ ದೊಡ್ಡದಾದವು, ನಮ್ಮ ಹಾಲುಹಾದಿಯೂ ಎಷ್ಟೋ ಪುಟ್ಟ ಗ್ಯಾಲಕ್ಸಿಗಳನ್ನು ಮಡಿಲಿಗೆ ಹಾಕಿಕೊಂಡೇ ಬೆಳೆದದ್ದು ಎಂದಳು.

ಟೈಲರಮ್ಮನಿಗೆ ತಡೆಯಲಾಗಲಿಲ್ಲ. “ಅಷ್ಟು ದೊಡ್ಡವು ಎದುರಾದ್ರೆ ಡಿಕ್ಕಿ ಆಗಲ್ವಾ?”

“ನಕ್ಷತ್ರಗಳ ನಡುವೆ ಎಷ್ಟು ಜಾಗ ಅಂದ್ರೆ, ಅವು ಒಂದಕ್ಕೊಂದು ತಾಗೋದೇ ಇಲ್ಲ. ಅನಿಲದ ಮೋಡಗಳು ಮಾತ್ರ ಒತ್ತಿಕೊಳ್ತವೆ, ಅಲ್ಲೇ ಹೊಸ ನಕ್ಷತ್ರ ಹುಟ್ಟೋದು. ಗ್ಯಾಲಕ್ಸಿಗಳು ಒಂದರೊಳಗೊಂದು ಹಾದು ದೂರ ಹೋಗಿಬಿಡ್ತವೆ. ಮುಗೀತು ಅಂದ್ಕೊಂಡ್ರೂ ಸೆಳೆತ ಬಿಡಲ್ಲ, ಮತ್ತೆ ತಿರುಗಿ ಬರ್ತವೆ. ಪ್ರತಿ ಸಲ ಇನ್ನಷ್ಟು ಹತ್ತಿರ.”

“ಎಲ್ಲಾ ಮುಗಿಯೋಕೆ ಎಷ್ಟು ಕಾಲ ಬೇಕು?” ಹಿಂದಿನಿಂದ ಸೈಕಲ್ಲಣ್ಣ ಕೇಳಿದ.

“ನೂರಾರು ಕೋಟಿ ವರ್ಷ.”

“ಹಂಗಾದ್ರೆ ನಮ್ಮದೇನೂ ತಡ ಆಗಿಲ್ಲ.”

ಬಾಯಿ ಜಾರಿ ಬಂದ ಮಾತೋ, ಬೇಕೆಂದೇ ಆಡಿದ್ದೋ. ಎಲ್ಲರ ಕಣ್ಣು ಟೈಲರಮ್ಮನ ಮೇಲೆ. ಅವಳು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೊನೆಗೆ ಹಿಂತಿರುಗದೆಯೇ, “ಮೊದಲು ಕೈ ತೊಳ್ಕೊಂಡು ಬರೋಕೆ ಹೇಳಿ,” ಎಂದಳು. ಆಮೇಲಿನ ನಗುವಿನಲ್ಲಿ ಚುಕ್ಕಿಯ ಕೊನೆಯ ವಾಕ್ಯ ಯಾರಿಗೂ ಕೇಳಿಸಲಿಲ್ಲ. ಅವಳಿಗೆ ಅದರ ಬೇಸರವೂ ಆಗಲಿಲ್ಲ.

ಜನ ಕರಗುವಾಗ ಲೈಬ್ರರಿಯನ್ ಬಂದರು. “ಬೊಜ್ಜಿನವರಿಗೆ ಭಾನುವಾರ ಕೊಡ್ತೀನಿ ಮೇಡಂ. ಶನಿವಾರ ನಿಮ್ಮದೇ. ಮುಂದಿನ ತಿಂಗಳು ಏನಿದೆ?”

“ನಕ್ಷತ್ರಗಳ ಜನನ.”

“ಹೆರಿಗೆ ಅಂತ ಬರೀತೀನಿ,” ಎಂದಳು ಚಿಕ್ಕಮ್ಮ.

“ದಮ್ಮಯ್ಯ ಬೇಡ ಚಿಕ್ಕಮ್ಮ, ಇಡೀ ಬೀದಿ ಟೈಲರಮ್ಮನ ಹೊಟ್ಟೆ ನೋಡತ್ತೆ.”

ಕೊಟ್ಟ ಉಡುಗೊರೆಯನ್ನು ಯಾರೂ ವಾಪಸ್ಸು ಒಯ್ದಿರಲಿಲ್ಲ. ಎಲ್ಲವನ್ನೂ ಒಂದು ದೊಡ್ಡ ಚೀಲಕ್ಕೆ ತುಂಬಿ, ಅದರ ಒಂದು ಹಿಡಿಕೆಯನ್ನು ಟೈಲರಮ್ಮ, ಇನ್ನೊಂದನ್ನು ತೊಳೆದ ಕೈಯಲ್ಲಿ ಸೈಕಲ್ಲಣ್ಣ ಹಿಡಿದು ಬೀದಿಗಿಳಿದರು. ನಡುರಸ್ತೆಯಲ್ಲಿ ಅವಳು ಈ ಬದಿಗೆ, ಅವನು ಆ ಬದಿಗೆ ಎಳೆದದ್ದಕ್ಕೆ ಚೀಲ ಒಮ್ಮೆ ಜೋಲಾಡಿ ನಿಂತಿತು. ಆಮೇಲೆ ಇಬ್ಬರೂ ಒಂದೇ ಬದಿಗೆ ತಿರುಗಿದರು.