ಬಾಣಂತಿಗೊಂದು ಕುರ್ಚಿ

ಕೊಪ್ಪದ ಫರ್ನಿಚರ್ ಅಂಗಡಿಯಲ್ಲಿ ಬೀಗರು ರಾಜಶೇಖರ್ ಚಪ್ಪಲಿ ಸಮೇತ ಕಾಲು ಚಾಚಿ ಒರಗಿದ್ದನ್ನು ಕಂಡು ಚಿಕ್ಕಕ್ಕ ಮೂಗು ಮುರಿದಳು. ಒರಗಿದ್ದು ಬೇರೆ ಯಾವುದರ ಮೇಲೂ ಅಲ್ಲ, ಮೊಮ್ಮಗಳಿಗೆ ಹಾಲು ಕುಡಿಸಲೆಂದು ನೋಡಲು ಬಂದ ಕುರ್ಚಿಯ ಮೇಲೆ. ಬಣ್ಣ ಹಚ್ಚಿದ ತಲೆಯನ್ನು ಹಿಂದಕ್ಕೆ ಚೆಲ್ಲಿ, ಪಕ್ಕದ ಗುಂಡಿ ಒತ್ತಿ, ಕಾಲು ಮೇಲೇರಿದಾಗಲೆಲ್ಲ ಹಾ ಎಂದು ಬಾಯಿ ತೆರೆಯುತ್ತಿದ್ದರು. ಬಾಯಿ ತುಂಬ ಎಲೆಯಡಿಕೆಯ ರಸ ಬೇರೆ.

ತೀರಿಹೋದ ಅಕ್ಕನ ಮಗಳು ಕಾವ್ಯಳ ಬಾಣಂತನಕ್ಕೆಂದು ಚಿಕ್ಕಕ್ಕ ಶೆಟ್ಟಿಕೊಪ್ಪದಿಂದ ಕಮ್ಮರಡಿಯ ಅವಳ ಗಂಡನ ಮನೆಗೆ ಬಂದು ಮೂರು ವಾರವಾಗಿತ್ತು. ಹೆರಿಗೆ ಹೊಟ್ಟೆ ಕೊಯ್ದೇ ಆದದ್ದು. ಕೂಸಿನ ತೂಕ ಏರುವ ಬದಲು ಇಳಿದಿತ್ತು. ಹಾಲಿಗೇನೂ ಕೊರತೆಯಿಲ್ಲ, ಕೂರುವ ರೀತಿಯೇ ಸರಿಯಿಲ್ಲ ಎಂದಿದ್ದಳು ನರ್ಸ್. ಬೆನ್ನಿಗೆ ಆಸರೆ ಬೇಕು, ಪಾದ ಊರಿರಬೇಕು, ಮೊಣಕೈ ಒರಗಬೇಕು. ಸೋಮವಾರದೊಳಗೆ ತೂಕ ಏರದಿದ್ದರೆ ಡಬ್ಬಿ ಹಾಲೂ ಕೊಡಬೇಕಾಗುತ್ತದೆ ಎಂದು ಹೇಳಿ ಹೋಗಿದ್ದಳು. ಆ ಮಾತು ಕೇಳಿದಾಗಿನಿಂದ ಕಾವ್ಯ ಊಟ ಬಿಟ್ಟಿದ್ದಳು.

"ಹೆರೋದಂತೂ ನನ್ನ ಕೈಲಿ ಆಗ್ಲಿಲ್ಲ ಚಿಕ್ಕಮ್ಮ," ಎಂದಿದ್ದಳು. "ಹಾಲಾದ್ರೂ ನಾನೇ ಕೊಡ್ಬೇಕು."

ಬಾಣಂತಿ ನಲವತ್ತು ದಿನ ಹೊಸಿಲು ದಾಟುವಂತಿಲ್ಲ. ಅಂಗಡಿಯ ಮಾತು ಹಾಗಿರಲಿ, ಗಂಡಸರು ಕೂರುವ ಹಾಲ್‌ಗೂ ಬರುವಂತಿಲ್ಲ. ಹಾಗಾಗಿ ಅವಳ ಬದಲು ಕೂತು ನೋಡುವುದಕ್ಕೆ ಅವಳಷ್ಟೇ ಎತ್ತರದ ಚಿಕ್ಕಕ್ಕ ಹೊರಟಿದ್ದಳು. ಕೂಸಿನ ತೂಕಕ್ಕೆ ಸರಿಯಾಗಿ ಎರಡೂ ಮುಕ್ಕಾಲು ಕೆ.ಜಿ. ಅಕ್ಕಿ ತೂಗಿ ಹಳೇ ಸೀರೆಯಲ್ಲಿ ಉದ್ದಕ್ಕೆ ಕಟ್ಟಿಕೊಂಡಿದ್ದಳು. ಆ ಗಂಟನ್ನು ಎದೆಗವಚಿಕೊಂಡು ಒಂದೊಂದೇ ಕುರ್ಚಿಯಲ್ಲಿ ಕೂತಾಗ ಅಂಗಡಿಯವರು ಮುಖ ತಿರುಗಿಸಿ ನಕ್ಕರು. ಕಾವ್ಯಳ ಗಂಡ ಪ್ರದೀಪ, ಇವಳು ಯಾರೋ ಎಂಬಂತೆ ಹಾಸಿಗೆಗಳ ಕಡೆ ಸರಿದುಹೋದ. ಅಪ್ಪ ಚಪ್ಪಲಿಗಾಲಲ್ಲೇ ಒರಗಿದಾಗ ಬಾರದ ನಾಚಿಕೆ ಅಕ್ಕಿಗಂಟು ಕಂಡು ಬಂದಿತ್ತು ಅವನಿಗೆ.

ಮೂಲೆಯಲ್ಲೊಂದು ತಗ್ಗಿನ ಮರದ ಕುರ್ಚಿ ಸಿಕ್ಕಿತು. ಪಾದ ಊರಿತು, ಮೊಣಕೈ ಕೂತಿತು, ಗಂಟು ತಾನಾಗಿ ಎದೆಯ ಮಟ್ಟಕ್ಕೆ ಬಂತು. ಇದೇ ಆಗಲಿ ಎಂದಳು. ಬೀಗರು ಈಗ ಒರಗಿದ್ದ ಮಲಗುವ ಕುರ್ಚಿಯಲ್ಲಿ ಮೊದಲು ಕೂತು ನೋಡಿದಾಗ ಅವಳ ಕಾಲು ನೆಲಕ್ಕೆ ಎಟುಕಿರಲಿಲ್ಲ, ಎರಡು ಕೈಗಳ ನಡುವೆ ಗಂಟು ಜೋತಾಡಿತ್ತು. ಅದನ್ನೂ ಹೇಳಿದಳು.

"ಅದು ಶಾಲೆ ಮೇಷ್ಟ್ರ ಕುರ್ಚಿ ಇದ್ದಂಗಿದೆ," ಎಂದರು ರಾಜಶೇಖರ್, ಕಾಲು ಇಳಿಸದೆ. "ನಾಮಕರಣಕ್ಕೆ ನಾಕು ಜನ ಬಂದ್ರೆ ಮರ್ಯಾದೆ ಬೇಡ್ವಾ?"

ಪ್ರದೀಪ ಅಪ್ಪನ ಹತ್ತಿರ ಬಂದು, ಕೂರಲು ಹಿತವಾಗಿದೆಯೇ ಎಂದು ಕೇಳಿದ. ಬಹಳ ಹಿತವಾಗಿದೆ ಎಂದರು ಅವರು. ಅಲ್ಲಿಗೆ ವ್ಯಾಪಾರ ಮುಗಿಯಿತು. ಬೀಗರೆದುರು ಹೆಚ್ಚು ಮಾತಾಡಬಾರದೆಂದು ಚಿಕ್ಕಕ್ಕ ಬಾಯಿ ಮುಚ್ಚಿಕೊಂಡಳು.

ಕುರ್ಚಿ ಪಿಕಪ್‌ನಲ್ಲಿ ಬಂತು. ಬಾಣಂತಿ ಕೋಣೆ ಬಚ್ಚಲಿನ ಪಕ್ಕದ್ದು, ಹಳೇ ಕಾಲದ ಇಕ್ಕಟ್ಟು ಬಾಗಿಲು. ಅಡ್ಡ ಹಿಡಿದರು, ತಲೆಕೆಳಗು ಮಾಡಿದರು, ಬಾಗಿಲ ದಾರಂದ ಕೆರೆದು ಹೋಯಿತೇ ಹೊರತು ಕುರ್ಚಿ ಒಳಗೆ ಹೋಗಲಿಲ್ಲ. ಮೂರು ಸಲ ಗುಂಡಿ ಒತ್ತಿ ನೋಡಿದ ಗಂಡಸರಿಗೆ ಬಾಗಿಲನ್ನು ಅಳೆಯುವ ಬುದ್ಧಿ ಬಂದಿರಲಿಲ್ಲ. ವಾಪಸ್ ಕೊಟ್ಟು ಆ ಮರದ್ದನ್ನೇ ತರಬಾರದೇ ಎಂದು ಚಿಕ್ಕಕ್ಕ ಕೇಳಿದ್ದಕ್ಕೆ, ಪ್ಲಾಸ್ಟಿಕ್ ಹರಿದಾಯಿತು, ಇನ್ನು ತೆಗೆದುಕೊಳ್ಳುವುದಿಲ್ಲ ಎಂದ ಪ್ರದೀಪ. ಹರಿದದ್ದು ಅವನಪ್ಪನೇ. ಕುರ್ಚಿ ಹಾಲ್‌ನಲ್ಲೇ, ಟಿ.ವಿ. ಎದುರಿಗೆ ಉಳಿಯಿತು.

ಎರಡೇ ದಿನಕ್ಕೆ ತಲೆಯಿಡುವ ಜಾಗದಲ್ಲಿ ಬಣ್ಣದ ಕಲೆ ಕೂತಿತು. ಲೋಟ ಇಡುವ ಗುಳಿಯಲ್ಲಿ ಎಲೆಯ ತೊಟ್ಟು, ಅಡಿಕೆ ಚೂರು. ಕುರ್ಚಿಯ ಕೈಯ ಮೇಲೆ ಬೆವರಿದ ಕಾಲುಚೀಲ. ರಾಜಶೇಖರ್ ಅದೇ ಕುರ್ಚಿಯಲ್ಲಿ ಕೂತು ಕೂಸನ್ನು ಎತ್ತಿಕೊಂಡು ಫೋಟೋ ತೆಗೆಸಿ, ಮೊಮ್ಮಗಳಿಗೆ ಅಜ್ಜನ ಉಡುಗೊರೆ ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಊರಿನ ನೆಂಟರೆಲ್ಲ ಕೈಮುಗಿದರು. ಚಿಕ್ಕಕ್ಕ ಬಾಯಿಗೆ ಬಂದದ್ದನ್ನು ಬಚ್ಚಲಿಗೆ ಹೋಗಿ ಉಗಿದು ಬಂದಳು. ಒಳಗೆ ಕಾವ್ಯ ಎತ್ತರದ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಜಾರುವ ದಿಂಬುಗಳ ಮೇಲೆ ಬಗ್ಗಿ, ಹೊಲಿಗೆ ಎಳೆದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು. ಬಗ್ಗಿದಾಗಲೆಲ್ಲ ಕೂಸಿನ ಬಾಯಿ ಜಾರುತ್ತಿತ್ತು.

ಸೋಮವಾರ ತೂಕ ಏರಿರಲಿಲ್ಲ. ಸಂಜೆಯೊಳಗೆ ಪ್ರದೀಪ ಡಬ್ಬಿ ತಂದ. ಅತ್ತೆ ಶೇಷಮ್ಮ ಹಾಲು ಕಲಸಿ, ಅಳುವ ಕೂಸನ್ನು ಎತ್ತಿಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತರು. ಅಳು ನಿಂತು, ಬಾಟ್ಲಿ ಚೀಪುವ ಸದ್ದು ಕೋಣೆಯವರೆಗೂ ಬಂತು.

"ಕುರ್ಚಿ ಏನೋ ಚಲೋ ಇದೆ ಕಣ್ರೀ," ಎಂದರು ಶೇಷಮ್ಮ ಗಂಡನಿಗೆ. "ಹಾಲು ಕುಡ್ಸಾಕೆ ಹೇಳಿ ಮಾಡ್ಸಿದಂಗಿದೆ."

ಕೂಸಿನ ಅಳು ಕಿವಿಗೆ ಬಿದ್ದ ಕೂಡಲೇ ಕಾವ್ಯಳ ಹಾಲು ಇಳಿದಿತ್ತು. ರವಿಕೆ ತೊಯ್ದು, ಸೀರೆ ತೊಯ್ದು, ಸೊಂಟದವರೆಗೂ ಹರಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಗೋಡೆಯ ಕಡೆ ತಿರುಗಿ ಕೂತಳು.

ಚಿಕ್ಕಕ್ಕನಿಗೆ ಆ ಮನೆಯ ಮೇಲೆ ಎಷ್ಟು ಹೇಸಿಗೆಯಾಯಿತೋ ಅಷ್ಟೇ ತನ್ನ ಮೇಲೂ ಆಯಿತು. ಬೀಗರ ಮರ್ಯಾದೆ ಕಾಯಲು ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡವಳು ತಾನೇ ಅಲ್ಲವೇ? ನೇರ ಹಾಲ್‌ಗೆ ಹೋದಳು. ಶೇಷಮ್ಮನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಬಾಟ್ಲಿ ಇನ್ನೂ ಅರ್ಧ ಇದೆ ಎಂದರು ಅವರು. ಇವಳು ಕೂಸಿನೊಂದಿಗೆ ಕೋಣೆಗೆ ನಡೆದಳು.

ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿ ಮಂಚ ಹತ್ತಿ, ಗೋಡೆಗೆ ಬೆನ್ನು ಕೊಟ್ಟು, ಎರಡೂ ಮಂಡಿ ಎತ್ತಿ ಕೂತಳು. ಕಾವ್ಯಳನ್ನು ನಡುವೆ ಎಳೆದುಕೊಂಡು ಅವಳ ಬೆನ್ನನ್ನು ತನ್ನ ಎದೆಗೆ ಒರಗಿಸಿದಳು. ಅವಳ ಪಾದಗಳನ್ನು ಹಾಸಿಗೆಯ ಮೇಲೆ ಊರಿಸಿ, ಮೊಣಕೈಗಳನ್ನು ತನ್ನ ಮಂಡಿಗಳ ಮೇಲಿಟ್ಟು, ಕೂಸನ್ನು ಅವಳ ಎದೆಗೆ ಕೊಟ್ಟಳು.

"ಭಾರ ಬಿಡು."

"ನಿಂಗೆ ನೋವಾಗತ್ತೆ ಚಿಕ್ಕಮ್ಮ."

"ಬಿಡು ಅಂದೆ."

ಕಾವ್ಯ ಬಿಟ್ಟಳು. ಕೂಸು ಹುಡುಕಿತು, ಜಾರಿತು, ಮತ್ತೆ ಹುಡುಕಿ ಕಚ್ಚಿಕೊಂಡಿತು. ಅದು ಎಳೆದ ಎಳೆತಕ್ಕೆ ಕಾವ್ಯಳ ಬೆನ್ನು ಝುಮ್ಮೆಂದದ್ದು ಚಿಕ್ಕಕ್ಕನ ಎದೆಗೂ ಗೊತ್ತಾಯಿತು. ಮಂಡಿ ಆಗಲೇ ನೋಯಲು ಶುರುವಾಗಿತ್ತು. ಅವಳು ಅಲುಗಲಿಲ್ಲ.

ಪ್ರದೀಪ ಬಾಗಿಲಲ್ಲಿ ಬಂದು ನಿಂತ. ನೋಡಿದ, ನಕ್ಕ, ಫೋನ್ ಎತ್ತಿದ. ಹಾಗೇ ಇರಿ, ಒಂದು ಫೋಟೋ ಎಂದ.

"ಅಷ್ಟು ದೊಡ್ಡ ಕುರ್ಚಿ ತಂದೀರಲ್ಲ ಅಳಿಯಂದಿರೇ," ಎಂದಳು ಚಿಕ್ಕಕ್ಕ, ದನಿ ಏರಿಸದೆ. "ಹೋಗಿ ಕೂತ್ಕಳಿ. ಹೋಗ್ತಾ ಬಾಗ್ಲು ಹಾಕಿ."